ಕಿಲುಬಿನೊಳಗಿನ ಚಂದ್ರ

ಹಳೆಯ ಕಾಲದ ಜನರ ಬಗ್ಗೆ ನಮ್ಮ ನಡುವೆ ಎರಡು ನಂಬಿಕೆಗಳು ಅಕ್ಕಪಕ್ಕದಲ್ಲೇ ಬಾಳುತ್ತಿವೆ. ಅವರಿಗೆ ಏನೂ ತಿಳಿದಿರಲಿಲ್ಲ, ಬುದ್ಧಿ ಬಂದದ್ದೇ ನಮ್ಮ ಕಾಲಕ್ಕೆ ಎಂಬುದು ಒಂದು. ಅವರಿಗೆ ಎಲ್ಲವೂ ತಿಳಿದಿತ್ತು, ವಿಮಾನದಿಂದ ಹಿಡಿದು ಅಣುಬಾಂಬಿನವರೆಗೆ ಅವರು ಮಾಡದೆ ಬಿಟ್ಟದ್ದು ಯಾವುದೂ ಇಲ್ಲ ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ಆದರೆ ಎರಡರ ಹಿಂದಿರುವ ಸೋಮಾರಿತನ ಒಂದೇ. ಹಳೆಯ ವಸ್ತುವೊಂದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಅದು ಏನು ಹೇಳುತ್ತದೆಂದು ತಾಳ್ಮೆಯಿಂದ ಕೇಳಿಸಿಕೊಳ್ಳುವ ಕಷ್ಟ ಇವೆರಡರಲ್ಲೂ ಇಲ್ಲ.

ಹಾಗೆ ಕೇಳಿಸಿಕೊಂಡವರ ಕಥೆಯೊಂದನ್ನು ಇಲ್ಲಿ ಹೇಳಬೇಕೆನಿಸಿದೆ. ವಸ್ತು ಸುಮಾರು ಎರಡು ಸಾವಿರ ವರ್ಷ ಹಳೆಯದು. ಅದು ಏನೆಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾದವು. ಕೊನೆಗೆ ಅದರ ಬಾಯಿ ಬಿಡಿಸಿದ್ದು ಕಂಪ್ಯೂಟರ್. ಕೇಳಿಸಿಕೊಂಡದ್ದು ಮಾತ್ರ ಮನುಷ್ಯರೇ.

ಸ್ಪಂಜಿನವರು ಕಂಡದ್ದು

ಗ್ರೀಸ್ ದೇಶದ ದಕ್ಷಿಣಕ್ಕೆ, ಕ್ರೀಟ್ ಮತ್ತು ಕಿಥೆರಾ ದ್ವೀಪಗಳ ನಡುವೆ ಆಂಟಿಕಿಥೆರಾ ಎಂಬ ಪುಟ್ಟ ದ್ವೀಪವಿದೆ. 1900ರಲ್ಲಿ ಸೀಮಿ ದ್ವೀಪದ ಸ್ಪಂಜು ಹೆಕ್ಕುವ ಮುಳುಗುಗಾರರ ದೋಣಿಗಳು ಬಿರುಗಾಳಿಗೆ ಅಂಜಿ ಅಲ್ಲಿ ತಂಗಿದವು. ಸುಮ್ಮನಿರಲಾರದೆ ಅಲ್ಲೇ ನೀರಿಗಿಳಿದ ಎಲಿಯಾಸ್ ಸ್ಟಾಡಿಯಾಟಿಸ್ ಎಂಬಾತ ಗಾಬರಿಯಿಂದ ಮೇಲೆ ಬಂದು, ಕೆಳಗೆ ಹೆಣಗಳ ರಾಶಿಯಿದೆ ಎಂದನಂತೆ. ಅವು ಹೆಣಗಳಲ್ಲ, ಪ್ರತಿಮೆಗಳು. ಕ್ರಿ.ಪೂ. ಮೊದಲ ಶತಮಾನದಲ್ಲಿ ಮುಳುಗಿದ ಹಡಗೊಂದು ಕಂಚು ಮತ್ತು ಅಮೃತಶಿಲೆಯ ಸರಕಿನೊಡನೆ ಅಲ್ಲಿ ಮಲಗಿತ್ತು.

ಗ್ರೀಕ್ ಸರಕಾರ ನೌಕಾಪಡೆಯ ನೆರವಿನೊಡನೆ ಆ ಮುಳುಗುಗಾರರನ್ನೇ ಕೆಲಸಕ್ಕೆ ಹಚ್ಚಿತು. 1901ರವರೆಗೆ ನಡೆದ ಈ ಕೆಲಸದಲ್ಲಿ ಒಬ್ಬ ಮುಳುಗುಗಾರ ಸತ್ತ, ಇಬ್ಬರ ಅಂಗಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಆಳದಿಂದ ಬೇಗನೆ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆಗಳೇಳುವ ಆ ರೋಗದಿಂದ ಪಾರಾಗುವ ಬಗೆ ಆ ಬಡವರಿಗೆ ಯಾರೂ ಕಲಿಸಿರಲಿಲ್ಲ. ಇತಿಹಾಸದ ಪುಸ್ತಕಗಳಲ್ಲಿ ಪಂಡಿತರ ಹೆಸರುಗಳು ದಪ್ಪಕ್ಷರದಲ್ಲಿ ಬರುತ್ತವೆ. ಅವರಿಗಿಂತ ಮೊದಲು ಆ ವಸ್ತುವಿಗೆ ಬೆಲೆ ತೆತ್ತವರು ಈ ಸ್ಪಂಜಿನವರು. ಅದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ.

ಪ್ರತಿಮೆಗಳ ಜೊತೆ ಬಂದ ಒಂದು ಹಸಿರುಗಟ್ಟಿದ ಗಟ್ಟಿಯನ್ನು ಆಗ ಯಾರೂ ಗಮನಿಸಲಿಲ್ಲ. ಅದು ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಬಿದ್ದುಕೊಂಡು ಒಣಗಿ ಬಿರಿಯಿತು. 1902ರ ಮೇ ತಿಂಗಳಲ್ಲಿ ಆ ಬಿರುಕಿನೊಳಗೆ ಹಲ್ಲುಗಳಿರುವ ಚಕ್ರವೊಂದು ಕಂಡಿತು. ಅದನ್ನು ಗುರುತಿಸಿದ ಕೀರ್ತಿ ಪುರಾತತ್ವಜ್ಞ ವಲೇರಿಯೋಸ್ ಸ್ಟಾಯಿಸ್‌ಗೆ ಸಲ್ಲುತ್ತದೆ. ಗಡಿಯಾರದಲ್ಲಿರುವಂಥ ಹಲ್ಲುಚಕ್ರ ಕ್ರಿಸ್ತಪೂರ್ವದ ಹಡಗಿನಲ್ಲಿ ಹೇಗೆ ಬಂತು? ಆಮೇಲೆ ಯಾವುದೋ ಕಾಲದಲ್ಲಿ ಅದೇ ಜಾಗದಲ್ಲಿ ಬಿದ್ದ ವಸ್ತುವಿರಬೇಕು ಎಂದು ಹಲವರು ತಳ್ಳಿಹಾಕಿದರು. ಆಲ್ಬರ್ಟ್ ರೇಮ್ ಎಂಬ ಜರ್ಮನ್ ವಿದ್ವಾಂಸ ಮಾತ್ರ 1905ರ ಹೊತ್ತಿಗೇ, ಇದು ಗ್ರಹನಕ್ಷತ್ರಗಳ ಲೆಕ್ಕ ಮಾಡುವ ಯಂತ್ರ ಎಂದಿದ್ದರು.

ಈಗ ಅದರ 82 ತುಂಡುಗಳಿವೆ. ಏಳು ದೊಡ್ಡವು, ಉಳಿದವು ಚೂರುಗಳು. 30 ಹಲ್ಲುಚಕ್ರಗಳು ಉಳಿದಿವೆ, ಅವುಗಳಲ್ಲಿ 27 ಒಂದೇ ತುಂಡಿನಲ್ಲಿವೆ. ಇಡೀ ಯಂತ್ರ ಮರದ ಪೆಟ್ಟಿಗೆಯೊಳಗೆ ಕೂರುತ್ತಿತ್ತು. ಒಂದು ದಪ್ಪ ನಿಘಂಟಿನಷ್ಟು ಗಾತ್ರ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಮುಂದಿನ ಮುಳ್ಳುಗಳು ಸೂರ್ಯಚಂದ್ರರು ಯಾವ ರಾಶಿಯಲ್ಲಿದ್ದಾರೆ ಎಂದು ತೋರಿಸುತ್ತಿದ್ದವು. ಹಿಂದಿನ ಮುಳ್ಳುಗಳು ತಿಂಗಳು ಮತ್ತು ಗ್ರಹಣಗಳನ್ನು ಹೇಳುತ್ತಿದ್ದವು.

ಚಂದ್ರನ ಲೆಕ್ಕ

ಈ ಯಂತ್ರದ ಹೃದಯದಲ್ಲಿರುವ ತೊಡಕು ನಮ್ಮ ಓದುಗರಿಗೆ ಹೊಸದೇನಲ್ಲ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಹಿಜರಿ ಪಂಚಾಂಗ ಈ ಕೊರತೆಯನ್ನು ಹಾಗೆಯೇ ಬಿಡುತ್ತದೆ. ಅದಕ್ಕಾಗಿಯೇ ರಂಜಾನ್ ಒಮ್ಮೆ ಬೇಸಿಗೆಗೆ, ಒಮ್ಮೆ ಮಳೆಗಾಲಕ್ಕೆ, ಒಮ್ಮೆ ಚಳಿಗೆ ಬರುತ್ತದೆ. ನಮ್ಮ ನೆರೆಯವರ ಪಂಚಾಂಗ ಆಗಾಗ ಒಂದು ಅಧಿಕ ಮಾಸವನ್ನು ಸೇರಿಸಿ ಯುಗಾದಿಯನ್ನು ವಸಂತದಲ್ಲೇ ಹಿಡಿದಿಡುತ್ತದೆ. ಗ್ರೀಕರು ಹಿಡಿದದ್ದೂ ಈ ಎರಡನೆಯ ದಾರಿ. 19 ವರ್ಷಗಳಲ್ಲಿ ಸರಿಸುಮಾರು 235 ಚಾಂದ್ರಮಾಸಗಳು ಕೂರುತ್ತವೆ. ಅಂದರೆ ಹನ್ನೆರಡು ತಿಂಗಳ 12 ವರ್ಷ, ಹದಿಮೂರು ತಿಂಗಳ 7 ವರ್ಷ. ಯಂತ್ರದ ಹಿಂಬದಿಯ ಮೇಲಿನ ಸುರುಳಿಯಲ್ಲಿ ಈ 235 ತಿಂಗಳುಗಳ ಮನೆಗಳನ್ನು ಒಂದೊಂದಾಗಿ ಕೊರೆಯಲಾಗಿತ್ತು.

ಕೆಳಗಿನ ಸುರುಳಿ ಗ್ರಹಣಗಳದ್ದು. 223 ಚಾಂದ್ರಮಾಸಗಳು, ಅಂದರೆ 18 ವರ್ಷ 11 ದಿನ 8 ಗಂಟೆ ಕಳೆದ ಮೇಲೆ ಗ್ರಹಣಗಳು ಹೆಚ್ಚೂಕಡಿಮೆ ಹಳೆಯ ಕ್ರಮದಲ್ಲೇ ಮರುಕಳಿಸುತ್ತವೆ. ಉಳಿದ ಆ ಎಂಟು ಗಂಟೆಯಲ್ಲಿ ಭೂಮಿ ಮೂರನೆಯ ಒಂದು ಸುತ್ತು ತಿರುಗಿಬಿಡುವುದರಿಂದ, ಗ್ರಹಣ ಕಾಣುವ ಜಾಗ ಬದಲಾಗುತ್ತದೆ. ಅದನ್ನು ಸರಿಪಡಿಸಿಕೊಳ್ಳಲು ಇನ್ನೊಂದು ಚಿಕ್ಕ ಮುಖಫಲಕವೇ ಇದೆ. ಎಂಟು ಸೇರಿಸಬೇಕೇ, ಹದಿನಾರು ಸೇರಿಸಬೇಕೇ ಎಂದು ಅದು ಹೇಳುತ್ತದೆ.

ಎಲ್ಲಕ್ಕಿಂತ ಸೋಜಿಗದ ಭಾಗ ಇನ್ನೊಂದಿದೆ. ಚಂದ್ರ ಆಕಾಶದಲ್ಲಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಭೂಮಿಗೆ ಹತ್ತಿರವಿದ್ದಾಗ ಚುರುಕು, ದೂರವಿದ್ದಾಗ ನಿಧಾನ. ಈ ಏರುಪೇರನ್ನು ಹಲ್ಲುಚಕ್ರದಲ್ಲಿ ತೋರಿಸುವುದು ಹೇಗೆ? ಆ ಅನಾಮಿಕ ಕುಶಲಕರ್ಮಿ 50 ಹಲ್ಲುಗಳ ಎರಡು ಚಕ್ರಗಳನ್ನು ಒಂದರ ಮೇಲೊಂದಿಟ್ಟ. ಅವುಗಳ ಕೇಂದ್ರಗಳನ್ನು ಒಂದು ಮಿಲಿಮೀಟರಿನಷ್ಟು ಅತ್ತಿತ್ತ ಸರಿಸಿದ. ಒಂದರ ಮೇಲೆ ನೆಟ್ಟ ಮೊಳೆ ಇನ್ನೊಂದರ ಸೀಳಿನೊಳಗೆ ಆಡುವಂತೆ ಮಾಡಿದ. ಕೆಳಗಿನದು ಸಮವಾಗಿ ತಿರುಗಿದರೂ ಮೇಲಿನದು ಒಮ್ಮೆ ಮುಂದಾಗಿ ಒಮ್ಮೆ ಹಿಂದಾಗಿ ಚಂದ್ರನಂತೆಯೇ ನಡೆಯುತ್ತದೆ.

ಎಂಟು ಟನ್ನಿನ ಕಣ್ಣು

ಇದೆಲ್ಲ ಕಿಲುಬಿನೊಳಗೆ ಹೂತುಹೋಗಿದ್ದಾಗ ಗೊತ್ತಾದದ್ದು ಹೇಗೆ? ಬಿಡಿಸಿ ನೋಡುವಂತಿರಲಿಲ್ಲ. ಎರಡು ಸಾವಿರ ವರ್ಷ ಉಪ್ಪುನೀರಿನಲ್ಲಿದ್ದ ಕಂಚು ಲೋಹವಾಗಿ ಉಳಿದಿರುವುದಿಲ್ಲ, ಮುಟ್ಟಿದರೆ ಪುಡಿಯಾಗುತ್ತದೆ.

ಬ್ರಿಟನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳುತ್ತಿದ್ದ ಡೆರೆಕ್ ಡಿ ಸೊಲ್ಲಾ ಪ್ರೈಸ್ 1950ರ ದಶಕದಿಂದ ಇದರ ಬೆನ್ನು ಹತ್ತಿದ್ದರು. 1971ರಲ್ಲಿ ಗ್ರೀಕ್ ವಿಜ್ಞಾನಿ ಕರಾಕಾಲೋಸ್ ಜೊತೆಗೂಡಿ ತುಂಡುಗಳ ವಿಕಿರಣ ಚಿತ್ರಗಳನ್ನು ತೆಗೆಸಿದರು. 1974ರಲ್ಲಿ ತಮ್ಮ ದೊಡ್ಡ ಪ್ರಬಂಧ ಪ್ರಕಟಿಸಿದರು. ಆದರೆ ಆ ಚಿತ್ರಗಳಲ್ಲಿ ಎಲ್ಲ ಚಕ್ರಗಳೂ ಒಂದರ ಮೇಲೊಂದು ಬಿದ್ದು ಗೋಜಲಾಗಿದ್ದವು. ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳುವುದು ಕಷ್ಟವಾಗಿತ್ತು. ಪ್ರೈಸ್ ಅವರು ತಮ್ಮ ಕಲ್ಪನೆಯ ಯಂತ್ರಕ್ಕೆ ಹೊಂದುವಂತೆ ಕೆಲವು ಚಕ್ರಗಳ ಹಲ್ಲಿನ ಎಣಿಕೆಯನ್ನು ತುಸು ಹೊಂದಿಸಿಕೊಂಡರು. ದಾರಿ ತೋರಿದವರು ಅವರೇ, ಆದರೆ ಅವರ ಯಂತ್ರದ ಕೆಲವು ಮುಖ್ಯ ಭಾಗಗಳು ಮುಂದೆ ನಿಲ್ಲಲಿಲ್ಲ. ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದ್ದ ಮೈಕೆಲ್ ರೈಟ್ ಮತ್ತು ಆಸ್ಟ್ರೇಲಿಯಾದ ಅಲನ್ ಬ್ರೋಮ್ಲಿ 1990ರ ದಶಕದಲ್ಲಿ ಪದರಪದರವಾಗಿ ಎಕ್ಸ್‌ರೇ ತೆಗೆದು ಇದನ್ನು ತೋರಿಸಿಕೊಟ್ಟರು.

2005ರಲ್ಲಿ ದೊಡ್ಡ ತಿರುವು ಬಂತು. ಬ್ರಿಟನ್ ಮತ್ತು ಗ್ರೀಸಿನ ವಿಜ್ಞಾನಿಗಳು ಒಂದು ತಂಡ ಕಟ್ಟಿದರು. ತುಂಡುಗಳನ್ನು ಸಂಗ್ರಹಾಲಯದಿಂದ ಹೊರಗೆ ಒಯ್ಯುವಂತಿರಲಿಲ್ಲ. ಆದ್ದರಿಂದ ಎಂಟು ಟನ್ನಿಗೂ ಮೀರಿದ ತೂಕದ, 450 ಕಿಲೋವೋಲ್ಟಿನ ಎಕ್ಸ್‌ರೇ ಯಂತ್ರವನ್ನೇ ಇಂಗ್ಲೆಂಡಿನಿಂದ ಅಥೆನ್ಸಿಗೆ ತರಲಾಯಿತು. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ನಮಗೆಲ್ಲ ಗೊತ್ತು. ಇದೂ ಅದೇ ವಿದ್ಯೆ, ಮನುಷ್ಯನ ಮೈ ತಡೆಯಲಾರದಷ್ಟು ಬಲದ್ದು. ತುಂಡನ್ನು ತಿರುಗುವ ಪೀಠದ ಮೇಲಿಟ್ಟು, ಕೂದಲೆಳೆಯಷ್ಟು ತಿರುಗಿಸುತ್ತ ಸಾವಿರಾರು ಚಿತ್ರ ತೆಗೆಯುತ್ತಾರೆ. ಕಂಪ್ಯೂಟರ್ ಅವನ್ನೆಲ್ಲ ಕೂಡಿಸಿ ಒಳಗನ್ನೂ ಹೊರಗನ್ನೂ ಮತ್ತೆ ಕಟ್ಟುತ್ತದೆ. ಆಮೇಲೆ ಪರದೆಯ ಮೇಲೆ ಈರುಳ್ಳಿ ಹೆಚ್ಚಿದಂತೆ ಬೇಕಾದಲ್ಲಿ ಸೀಳಿ ನೋಡಬಹುದು. ವಸ್ತುವಿಗೆ ಒಂದು ಗೀರೂ ಬೀಳುವುದಿಲ್ಲ.

ಇನ್ನೊಂದು ಉಪಾಯ ಇದಕ್ಕಿಂತ ಸರಳವಾದದ್ದು. ಅಮೆರಿಕದ ಕಂಪ್ಯೂಟರ್ ಕಂಪೆನಿಯೊಂದರ ಟಾಮ್ ಮಾಲ್ಜ್‌ಬೆಂಡರ್ ಒಂದು ಗುಮ್ಮಟದೊಳಗೆ ಹತ್ತಾರು ದೀಪಗಳನ್ನು ಕೂರಿಸಿದ್ದರು. ಗುಮ್ಮಟದ ಕೆಳಗಿಟ್ಟ ತುಂಡಿನ ಮೇಲೆ ಒಂದೊಂದೇ ದೀಪ ಹೊತ್ತಿಸಿ ಒಂದೊಂದು ಚಿತ್ರ ತೆಗೆಯುವುದು. ಆಮೇಲೆ ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಬೀರಬಹುದು, ಮೇಲಿನ ಬಣ್ಣವನ್ನು ಅಳಿಸಿ ಉಬ್ಬುತಗ್ಗನ್ನಷ್ಟೇ ಉಳಿಸಬಹುದು. ಹಳೆಯ ಗೋರಿಕಲ್ಲುಗಳ ಬರಹವನ್ನು ಓದುವವರು ಸಂಜೆಯ ಓರೆಬಿಸಿಲಿಗೆ ಕಾಯುವುದನ್ನು ನಾವು ಕಂಡಿದ್ದೇವೆ. ಆ ಓರೆಬಿಸಿಲನ್ನೇ ಇಲ್ಲಿ ಯಂತ್ರ ಮಾಡಿಕೊಡುತ್ತದೆ.

ಇದರಿಂದ ಎರಡು ಮಿಲಿಮೀಟರ್ ಆಸುಪಾಸಿನ ಅಕ್ಷರಗಳು ಎದ್ದು ಬಂದವು. ಒಂದಕ್ಕೊಂದು ಅಂಟಿದ ಫಲಕಗಳ ನಡುವೆ, ಎರಡು ಸಾವಿರ ವರ್ಷ ಯಾರ ಕಣ್ಣಿಗೂ ಬೀಳದಿದ್ದ ಸಾಲುಗಳು ಓದಲು ಸಿಕ್ಕವು. ಈವರೆಗೆ ಓದಿದ ಅಕ್ಷರಗಳ ಸಂಖ್ಯೆ 3400 ದಾಟಿದೆ. ಯಂತ್ರದ ಮೈಮೇಲೆಯೇ ಅದರ ವಿವರಣೆಯನ್ನು ಕೊರೆಯಲಾಗಿತ್ತು. ಗ್ರಹಣದ ಮನೆಗಳಲ್ಲಿ ಚಂದ್ರನಿಗೊಂದು, ಸೂರ್ಯನಿಗೊಂದು ಅಕ್ಷರ. 2008ರಲ್ಲಿ ಇನ್ನೊಂದು ಪುಟ್ಟ ಮುಖಫಲಕ ಓದಲು ಬಂದಾಗ ಅದರಲ್ಲಿ ಒಲಿಂಪಿಯಾ, ನೆಮಿಯಾ ಮೊದಲಾದ ಕ್ರೀಡೋತ್ಸವಗಳ ಹೆಸರುಗಳಿದ್ದವು. ಗ್ರಹಣದ ಲೆಕ್ಕವಿಡುವ ಯಂತ್ರ ಜಾತ್ರೆಯ ಲೆಕ್ಕವನ್ನೂ ಇಡುತ್ತಿತ್ತು. ಪಂಡಿತನಿಗೆ ಮಾತ್ರವಲ್ಲ, ಸಂತೆಯ ಮನುಷ್ಯನಿಗೂ ಅದರಲ್ಲಿ ಏನೋ ಇತ್ತು.

ಹಲ್ಲುಗಳ ಎಣಿಕೆ

2006ರ ನವೆಂಬರ್ ಕೊನೆಯಲ್ಲಿ ಟೋನಿ ಫ್ರೀತ್, ಮೈಕ್ ಎಡ್ಮಂಡ್ಸ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಅದರ ತಿರುಳು ಒಂದು ಸಂಖ್ಯೆಯಲ್ಲಿದೆ: 223. ಒಂದು ದೊಡ್ಡ ಚಕ್ರದ ಉಳಿದ ಹಲ್ಲುಗಳನ್ನು ಸ್ಕ್ಯಾನಿನಲ್ಲಿ ಅಳೆದಾಗ ಪೂರ್ಣ ಚಕ್ರಕ್ಕೆ 223 ಹಲ್ಲುಗಳು ಇದ್ದಿರಬೇಕೆಂದು ಕಂಡಿತು. ಅದು ಅವಿಭಾಜ್ಯ ಸಂಖ್ಯೆ. ಸಣ್ಣ ಚಕ್ರಗಳನ್ನು ಜೋಡಿಸಿ ಅದನ್ನು ಪಡೆಯಲಾಗದು. ಬೇಕೆಂದರೆ ಅಷ್ಟೇ ಹಲ್ಲನ್ನು ಕೈಯಿಂದ ಕೊರೆಯಲೇಬೇಕು. ಯಾರೂ ಸುಮ್ಮನೆ 223 ಹಲ್ಲು ಕೊರೆಯುವುದಿಲ್ಲ. ಗ್ರಹಣಚಕ್ರದ 223 ತಿಂಗಳುಗಳು ಆ ಲೋಹದಲ್ಲಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಮುಂಬದಿಯ ಪಂಚಾಂಗದ ಉಂಗುರದ ಕೆಳಗೆ ಸಾಲಾಗಿ ಸಣ್ಣ ತೂತುಗಳಿವೆ, ಉಳಿದಿರುವುದು ಒಂದು ಭಾಗ ಮಾತ್ರ. ಪೂರ್ಣ ಉಂಗುರಕ್ಕೆ ಎಷ್ಟು ತೂತು? 365 ಎಂದರೆ ಈಜಿಪ್ತಿನ ಸೌರ ಪಂಚಾಂಗ. ಬಹುಕಾಲ ಹಾಗೆಯೇ ನಂಬಲಾಗಿತ್ತು. 2020ರಲ್ಲಿ ಯಂತ್ರದ ಮಾದರಿಯನ್ನು ಕೈಯಾರೆ ಮಾಡುತ್ತಿದ್ದ ಒಬ್ಬ ಕುಶಲಕರ್ಮಿ ಮತ್ತು ಸಂಗಡಿಗರು, ಅದು 354 ಇರಬೇಕು ಎಂದರು. 2024ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಗ್ರಹಾಮ್ ವೋನ್ ಮತ್ತು ಜೋಸೆಫ್ ಬೇಯ್ಲಿ, ಗುರುತ್ವದ ಅಲೆಗಳನ್ನು ಹಿಡಿಯಲು ಬಳಸುವ ಸಂಖ್ಯಾಶಾಸ್ತ್ರವನ್ನು ಈ ತೂತುಗಳಿಗೆ ಹಚ್ಚಿದರು. ಉತ್ತರ 354 ಅಥವಾ 355 ಎಂದು ಬಂತು. 360 ಆಗಿರುವ ಸಾಧ್ಯತೆ ತೀರ ಕಡಿಮೆ, 365 ಇನ್ನೂ ಕಡಿಮೆ. ಅಂದರೆ ಚಾಂದ್ರ ವರ್ಷ, ನಮ್ಮ ಹಿಜರಿ ವರ್ಷದ ದಿನಗಳಷ್ಟೇ. ಈ ವಾದ ಇನ್ನೂ ಮುಗಿದಿಲ್ಲ. ಆದರೆ ವಾದ ನಡೆಯುತ್ತಿರುವುದು ನಂಬಿಕೆಯ ಮೇಲಲ್ಲ, ಅಳತೆಯ ಮೇಲೆ.

ಕಂಪ್ಯೂಟರಿಗೆ ಇನ್ನೊಂದು ಮುಖವೂ ಇದೆ. 2021ರಲ್ಲಿ ಲಂಡನ್ನಿನ ತಂಡವೊಂದು ಐದು ಗ್ರಹಗಳೂ ತಿರುಗುವ ಮುಂಭಾಗವನ್ನು ಪರದೆಯ ಮೇಲೆ ಕಟ್ಟಿ ತೋರಿಸಿತು. ಶಾಸನದಲ್ಲಿ ಶುಕ್ರನಿಗೆ 462, ಶನಿಗೆ 442 ವರ್ಷಗಳ ಆವರ್ತನೆಯ ಸಂಖ್ಯೆಗಳು ಸಿಕ್ಕಿದ್ದವು. ಅವುಗಳ ಮೇಲೆ ಈ ಕಟ್ಟಡ. ಮಾದರಿ ಸುಂದರವಾಗಿದೆ, ತರ್ಕವೂ ಗಟ್ಟಿ. ಆದರೆ ಗ್ರಹಗಳ ಚಕ್ರಗಳು ಬಹುಪಾಲು ಉಳಿದೇ ಇಲ್ಲ. ಪರದೆಯ ಮೇಲೆ ಸಮುದ್ರದಿಂದ ಸಿಕ್ಕ ಚಕ್ರವೂ ನಾವು ಊಹಿಸಿದ ಚಕ್ರವೂ ಒಂದೇ ಬಗೆಯಲ್ಲಿ ಹೊಳೆಯುತ್ತವೆ. ನೋಡುವವನಿಗೆ ವ್ಯತ್ಯಾಸ ಕಾಣುವುದಿಲ್ಲ. ತಮ್ಮದು ಒಂದು ಮಾದರಿ ಎಂದು ಆ ವಿಜ್ಞಾನಿಗಳೇ ಬರೆದರು. ಪತ್ರಿಕೆಗಳ ತಲೆಬರಹಗಳಲ್ಲಿ ಆ ಎಚ್ಚರ ಉಳಿಯಲಿಲ್ಲ.

2025ರಲ್ಲಿ ಅರ್ಜೆಂಟೀನಾದ ಇಬ್ಬರು ಸಂಶೋಧಕರು ಸ್ಕ್ಯಾನಿನಲ್ಲಿ ಅಳೆದ ತಪ್ಪುಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ ಯಂತ್ರವನ್ನು ಓಡಿಸಿ ನೋಡಿದರು. ಅಳತೆಗಳು ನಿಜವಾದರೆ ಯಂತ್ರ ಬೇಗನೆ ಸಿಕ್ಕಿಹಾಕಿಕೊಳ್ಳಬೇಕಿತ್ತು. ಇಷ್ಟು ಶ್ರಮದಿಂದ ಮಾಡಿದ ಯಂತ್ರ ನಡೆಯದೆ ಇದ್ದಿತೆಂದು ನಂಬುವುದು ಕಷ್ಟ. ಆದ್ದರಿಂದ ಎರಡು ಸಾವಿರ ವರ್ಷದ ಉಪ್ಪು ಚಕ್ರಗಳ ಆಕಾರವನ್ನೇ ಬದಲಿಸಿರಬೇಕು, ನಾವು ಅಳೆಯುತ್ತಿರುವುದು ಕಂಚನ್ನಲ್ಲ ಕಿಲುಬನ್ನು ಎಂಬುದು ಒಂದು ವಿವರಣೆ. ಎಂಥ ಹರಿತವಾದ ಕಣ್ಣಿಗೂ ಕಾಲ ಹಾಕಿದ ಪರದೆಯೊಂದು ಇರುತ್ತದೆ.

ಯಾರ ಸೊತ್ತು?

ಈ ಯಂತ್ರವನ್ನು ಗ್ರೀಕರದು ಎನ್ನುವುದು ರೂಢಿ. ಅಕ್ಷರಗಳು ಗ್ರೀಕ್, ಜ್ಯಾಮಿತಿ ಗ್ರೀಕ್, ಕೈಕೆಲಸವೂ ಅವರದೇ. ಆದರೆ ಗ್ರಹಣದ 223 ತಿಂಗಳ ಲೆಕ್ಕ ಬ್ಯಾಬಿಲೋನಿನದು, ಅಂದರೆ ಈಗಿನ ಇರಾಕಿನದು. ಅಲ್ಲಿನವರು ತಲೆಮಾರುಗಟ್ಟಲೆ ಆಕಾಶ ನೋಡಿ ಜೇಡಿಮಣ್ಣಿನ ಹಲಗೆಗಳ ಮೇಲೆ ಗುರುತು ಹಾಕಿಟ್ಟಿರದಿದ್ದರೆ ಗ್ರೀಕ್ ಕುಶಲಕರ್ಮಿಗೆ ಕೊರೆಯಲು ಸಂಖ್ಯೆಯೇ ಇರುತ್ತಿರಲಿಲ್ಲ. ಉಂಗುರದ ಮೇಲಿನ ತಿಂಗಳ ಹೆಸರುಗಳು ಈಜಿಪ್ತಿನವು. ಮೂರು ನಾಡುಗಳ ಅರಿವು ಒಂದು ಪೆಟ್ಟಿಗೆಯಲ್ಲಿ ಕೂತಿದೆ.

ಮುಂದಿನ ಕಥೆಯೂ ಹಾಗೆಯೇ. ಇಂಥ ಯಂತ್ರ ಇದೊಂದೇ ಆಗಿರಲಿಲ್ಲ. ಕ್ರಿ.ಪೂ. 212ರಲ್ಲಿ ಸಿರಾಕ್ಯೂಸ್ ನಗರ ಬಿದ್ದಾಗ ಆರ್ಕಿಮಿಡೀಸ್ ಮಾಡಿದ ಆಕಾಶಗೋಲವೊಂದನ್ನು ರೋಮನ್ ಸೇನಾಪತಿ ಕೊಂಡೊಯ್ದನೆಂದು ಸಿಸೆರೊ ಬರೆದಿದ್ದಾನೆ. ಅವೆಲ್ಲ ಎಲ್ಲಿ ಹೋದವು? ಕಂಚಿಗೆ ಎಲ್ಲ ಕಾಲದಲ್ಲೂ ಬೆಲೆಯಿತ್ತು. ನೆಲದ ಮೇಲೆ ಉಳಿದ ಕಂಚು ಕರಗಿ ನಾಣ್ಯವಾಯಿತು, ಪಾತ್ರೆಯಾಯಿತು. ಮುಳುಗಿದ್ದು ಮಾತ್ರ ಉಳಿಯಿತು.

ಅದಾದ ಮೇಲೆ ಸಿಗುವ ಸಾಕ್ಷ್ಯ ಕ್ರಿ.ಶ. 6ನೇ ಶತಮಾನದ ಆಸುಪಾಸಿನದು: ಬೈಜಾಂಟಿಯನ್ ಕಾಲದ, ಹಲ್ಲುಚಕ್ರಗಳಿರುವ ಪಂಚಾಂಗ-ಬಿಸಿಲುಗಡಿಯಾರವೊಂದರ ನಾಲ್ಕು ತುಂಡುಗಳು. 1983ರಲ್ಲಿ ಅವು ಲಂಡನ್ನಿನ ವಿಜ್ಞಾನ ಸಂಗ್ರಹಾಲಯವನ್ನು ಸೇರಿದವು. ಅದರಲ್ಲಿ 59 ಹಲ್ಲಿನ ಚಕ್ರವೊಂದಿದೆ. 29 ದಿನದ ಒಂದು ತಿಂಗಳು, 30 ದಿನದ ಇನ್ನೊಂದು, ಕೂಡಿದರೆ 59. ಕ್ರಿ.ಶ. 1000ದ ಸುಮಾರಿಗೆ ಖ್ವಾರಜ್ಮಿನ ಅಲ್ ಬಿರೂನಿ 'ಚಂದ್ರನ ಪೆಟ್ಟಿಗೆ' ಎಂಬ ಎಂಟು ಚಕ್ರಗಳ ಯಂತ್ರವೊಂದನ್ನು ವಿವರಿಸುತ್ತಾರೆ. ಅದರಲ್ಲೂ 59 ಹಲ್ಲಿನ ಚಕ್ರವಿದೆ. ಭಾರತದ ಜ್ಯೋತಿಷ್ಯ, ಗಣಿತ, ಧರ್ಮಗಳನ್ನು ಸಂಸ್ಕೃತ ಕಲಿತು ಗೌರವದಿಂದ ಬರೆದ ಅದೇ ಬಿರೂನಿ. ಲಂಡನ್ನಿನ ತುಂಡುಗಳನ್ನು ಅರ್ಥ ಮಾಡಿಕೊಳ್ಳಲು ವಿದ್ವಾಂಸರಿಗೆ ನೆರವಾದದ್ದೂ ಅವರ ಬರಹವೇ.

1221-22ರಲ್ಲಿ ಇಸ್ಫಹಾನಿನ ಮುಹಮ್ಮದ್ ಬಿನ್ ಅಬೀ ಬಕರ್ ಹಿತ್ತಾಳೆಯ ಅಸ್ತುರ್ಲಾಬಿನ ಬೆನ್ನೊಳಗೆ ಹಲ್ಲುಚಕ್ರಗಳನ್ನು ಕೂರಿಸಿ ಚಂದ್ರನ ಕಲೆಗಳನ್ನು ತೋರಿಸಿದರು. ಚೆಂಗೀಸ್ ಖಾನನ ಸೇನೆ ಮರ್ವ್, ನಿಶಾಪುರಗಳನ್ನು ನೆಲಸಮ ಮಾಡುತ್ತಿದ್ದ ವರ್ಷಗಳವು. ಊರುಗಳು ಉರಿಯುತ್ತಿದ್ದಾಗಲೂ ಒಬ್ಬ ಉಸ್ತಾದ್ ಎಲ್ಲೋ ಕೂತು ಹಲ್ಲು ಕೊರೆಯುತ್ತಿದ್ದ. ಆ ಯಂತ್ರ ಈಗ ಆಕ್ಸ್‌ಫರ್ಡಿನಲ್ಲಿದೆ, ಪೂರ್ಣವಾಗಿ ಉಳಿದ ಹಲ್ಲುಚಕ್ರ ಯಂತ್ರಗಳಲ್ಲಿ ಅತ್ಯಂತ ಹಳೆಯದು. ಹೀರೋನನ ಯಂತ್ರಶಾಸ್ತ್ರದ ಗ್ರೀಕ್ ಮೂಲ ಕಳೆದುಹೋಗಿ, ಕುಸ್ತಾ ಬಿನ್ ಲೂಕಾ ಎಂಬ ಕ್ರೈಸ್ತ ವಿದ್ವಾಂಸ ಮಾಡಿದ ಅರಬ್ಬೀ ಅನುವಾದದಲ್ಲಿ ಪೂರ್ಣವಾಗಿ ಉಳಿದುಕೊಂಡಿದೆ. ಅರಿವು ಯಾರ ಮನೆಯಲ್ಲೂ ಕಾಯಂ ಆಗಿ ನಿಲ್ಲುವುದಿಲ್ಲ.

ಪುರಾವೆಯ ಶಿಸ್ತು

ಈ ಕಥೆಯನ್ನು ಈಗ ಹೇಳುವುದಕ್ಕೆ ಕಾರಣವಿದೆ. ಪ್ರಾಚೀನ ತಂತ್ರಜ್ಞಾನ ಎಂಬ ಮಾತು ನಮ್ಮ ದೇಶದಲ್ಲಿ ವಿದ್ಯೆಯ ವಿಷಯವಾಗಿ ಉಳಿಯದೆ ಹೆಮ್ಮೆಯ ವಿಷಯವಾಗಿದೆ. 2015ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲೇ ಪ್ರಾಚೀನ ವಿಮಾನಗಳ ಕುರಿತ ಪ್ರಬಂಧಕ್ಕೆ ಜಾಗ ಸಿಕ್ಕಿತು. ಆ ವಾದ ಬಹಳವಾಗಿ ನೆಚ್ಚಿಕೊಂಡದ್ದು 'ವೈಮಾನಿಕ ಶಾಸ್ತ್ರ' ಎಂಬ ಗ್ರಂಥವನ್ನು. ಅದು ನಮ್ಮ ಕರ್ನಾಟಕದ್ದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ್ದು, ಮೈಸೂರಿನಲ್ಲಿ ಬೆಳಕಿಗೆ ಬಂದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು 1974ರಲ್ಲೇ ಅದನ್ನು ಕೂಲಂಕಷವಾಗಿ ಪರೀಕ್ಷಿಸಿದ್ದರು. ಭಾಷೆಯನ್ನು ನೋಡಿದರು, ಚಿತ್ರಗಳ ಅಳತೆ ನೋಡಿದರು, ಭಾರ ಮತ್ತು ಗಾಳಿಯ ಲೆಕ್ಕ ಹಾಕಿದರು. ಅವು ಹಾರಲಾರವು, ಗ್ರಂಥವೂ 1904ಕ್ಕಿಂತ ಹಳೆಯದಲ್ಲ ಎಂದು ತೀರ್ಮಾನಿಸಿದರು. ಪ್ರೈಸ್ ಅವರ ಪ್ರಬಂಧ ಪ್ರಕಟವಾದ ವರ್ಷವೂ 1974. ಒಂದೇ ವರ್ಷ, ಒಂದೇ ಬಗೆಯ ಶಿಸ್ತು. ಒಂದು ಕಡೆ ಇದ್ದದ್ದು ನಿಜವೆಂದು ತೋರಿತು, ಇನ್ನೊಂದು ಕಡೆ ಇಲ್ಲದ್ದು ಇಲ್ಲವೆಂದು ತೋರಿತು.

ನಮ್ಮವರೂ ಇದರಿಂದ ಹೊರತಲ್ಲ. ಮಸೀದಿಯ ಭಾಷಣಗಳಲ್ಲಿ, ಉರ್ದು ಪತ್ರಿಕೆಗಳ ಪುರವಣಿಗಳಲ್ಲಿ, ಜಗತ್ತಿನ ಎಲ್ಲ ವಿಜ್ಞಾನವೂ ಬಗ್ದಾದಿನಿಂದಲೇ ಹೊರಟಿತು ಎನ್ನುವುದನ್ನು ನಾವು ಎಷ್ಟು ಬಾರಿ ಕೇಳಿಲ್ಲ! ಬಿರೂನಿಯ ಹೆಸರು ಹೇಳಿ ಎದೆಯುಬ್ಬಿಸುವವರು ಬಹಳ. ಆತ ಹಾಕಿದ ಲೆಕ್ಕವನ್ನು ಒಮ್ಮೆ ತಾವೂ ಹಾಕಿ ನೋಡುವವರು ಎಷ್ಟು ಮಂದಿ? ಚಂದ್ರದರ್ಶನದ ಹೆಸರಿನಲ್ಲಿ ವರ್ಷವರ್ಷವೂ ಜಗಳವಾಡುವ ಸಮುದಾಯಕ್ಕೆ, ಚಂದ್ರನ ನಡಿಗೆಯನ್ನು ಕಂಚಿನಲ್ಲೂ ಹಿತ್ತಾಳೆಯಲ್ಲೂ ಕಟ್ಟಿದವರ ತಾಳ್ಮೆ ಪಾಠವಾಗಬೇಕಿತ್ತು.

ನಿಜವಾದ ಸೋಜಿಗಕ್ಕೆ ಸುಳ್ಳಿನ ಹಂಗಿಲ್ಲ. ಆಂಟಿಕಿಥೆರಾ ಯಂತ್ರವನ್ನು ಬಾಹ್ಯಾಕಾಶದವರು ತಂದಿಟ್ಟರೆಂದು ಬರೆದವರೂ ಇದ್ದಾರೆ. ಆ ಮಾತು ಕೇಳಲು ರೋಚಕ, ಆದರೆ ಅದು ಹಲ್ಲನ್ನು ಒಂದೊಂದಾಗಿ ಅರದಿಂದ ತಿಕ್ಕಿದ ಮನುಷ್ಯನ ಕೈಯನ್ನು ಅಳಿಸಿಹಾಕುತ್ತದೆ. ಆತನ ಹೆಸರು ಉಳಿದಿಲ್ಲ. ಕೈ ಉಳಿದಿದೆ. ತೂತುಗಳ ಜಾಗವನ್ನು ಅಳೆದ ಗ್ಲಾಸ್ಗೋದವರಿಗೆ, ವೃತ್ತದಿಂದ ಅವು ತಪ್ಪಿರುವುದು ಸರಾಸರಿ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ಮಾತ್ರ ಎಂದು ಕಂಡಿತು. ಅಂಥ ಕೈಗೆ ಗೌರವ ಕೊಡುವ ದಾರಿಯೆಂದರೆ ಅದನ್ನು ಹೊಗಳುವುದಲ್ಲ; ಅದು ಕೊರೆದದ್ದನ್ನು ಅಷ್ಟೇ ನಿಷ್ಠೆಯಿಂದ ಅಳೆಯುವುದು. ನಮ್ಮ ಮಕ್ಕಳ ಕೈಯಲ್ಲಿ ಈಗ ಕಂಪ್ಯೂಟರುಗಳಿವೆ. ಅವುಗಳಲ್ಲಿ ಬೇಕಾದ ಗತಕಾಲವನ್ನು ಬಣ್ಣಬಣ್ಣವಾಗಿ ಕಟ್ಟಲೂಬಹುದು, ಇದ್ದ ಗತಕಾಲವನ್ನು ಹಲ್ಲುಹಲ್ಲಾಗಿ ಎಣಿಸಲೂಬಹುದು. ಇವುಗಳಲ್ಲಿ ಯಾವುದನ್ನು ಕಲಿಸುತ್ತೇವೆ ಎಂಬುದನ್ನು ನಾವು ತೀರ್ಮಾನಿಸಬೇಕಾಗಿದೆ.